ಬಲಗಡೆ ಮಿಡಿಯೋ ಹೃದಯ, ಒಂದು ಕಪ್ಪೆ ಮೊಟ್ಟೆ ಮತ್ತು ಅಮ್ಮ

1/8

ಮೊದಲ ಫೋಟೋ ನನ್ನ ಎದೆಯ ಎಕ್ಸ್‌ರೇ. ಉಲ್ಟಾ ಅಪ್‌ಲೋಡ್ ಮಾಡಿದ್ದೀಯ ಅಂತ ಕಾಮೆಂಟ್ ಹಾಕಬೇಡಿ ಪ್ಲೀಸ್. ಫೋಟೋ ಸರಿಯಾಗೇ ಇದೆ. ಉಲ್ಟಾ ಇರೋದು ನಾನು.

ಹೋದ ವರ್ಷ ಮೂರನೇ ಸೆಮ್ ಇಂಟರ್ನಲ್ಸ್ ಟೈಮಲ್ಲಿ ನಾನು ಎರಡು ವಾರ ಕ್ಲಾಸಿಗೆ ಬಂದಿರಲಿಲ್ಲ, ನೆನಪಿದೆಯಾ? ಜ್ವರ, ಕೆಮ್ಮು. ಡಾಕ್ಟರು ಎಕ್ಸ್‌ರೇ ಬರೆದುಕೊಟ್ರು. ತೆಗೆದ ಅಣ್ಣ ಪರದೆ ನೋಡಿ, ಇನ್ನೊಂದ್ಸಲ ನಿಂತ್ಕೋಮ್ಮಾ ಅಂದ್ರು. ಮತ್ತೆ ನೋಡಿದ್ರು. ಆಮೇಲೆ ಒಳಗೆ ಹೋಗಿ ಇನ್ನೊಬ್ಬರನ್ನ ಕರ್ಕೊಂಡು ಬಂದ್ರು. ನನಗೆ ಅಷ್ಟೊತ್ತಿಗೆ ಕೈಕಾಲು ತಣ್ಣಗಾಗಿತ್ತು.

ಡಾಕ್ಟರು ಮಾತ್ರ ನಗ್ತಾನೇ ಹೇಳಿದ್ರು. 'ನಿನ್ನ ಹೃದಯ ಬಲಗಡೆ ಇದೆ, ಗೊತ್ತಿತ್ತಾ?' ಗೊತ್ತಿರಲಿಲ್ಲ. ಇಪ್ಪತ್ತು ವರ್ಷ ರಾಷ್ಟ್ರಗೀತೆ ಟೈಮಲ್ಲಿ, ಪ್ರಮಾಣ ಮಾಡೋ ಟೈಮಲ್ಲಿ, ಸಿನಿಮಾ ನೋಡಿ ಅಳೋ ಟೈಮಲ್ಲಿ ನಾನು ಕೈ ಇಟ್ಕೊಂಡಿದ್ದು ಖಾಲಿ ಜಾಗದ ಮೇಲೆ.

ಸ್ಕ್ಯಾನ್ ಮಾಡಿದಾಗ ಪೂರ್ತಿ ಗೊತ್ತಾಯ್ತು. ಲಿವರ್ ಎಡಗಡೆ, ಜಠರ ಬಲಗಡೆ, ಎಲ್ಲವೂ ಕನ್ನಡೀಲಿ ನೋಡಿದ ಹಾಗೆ. ಇದಕ್ಕೆ ಸೈಟಸ್ ಇನ್ವರ್ಸಸ್ ಅಂತಾರೆ. ಸುಮಾರು 10,000 ಜನರಲ್ಲಿ ಒಬ್ಬರಿಗೆ ಹೀಗಿರುತ್ತೆ. ಚಿಕ್ಕಂದಿನಿಂದ ಯಾವಾಗ್ಲೂ ಮೂಗು ಕಟ್ಟೋದು, ಕಿವಿ ಸೋರೋದು, ಬಿಡದ ಕೆಮ್ಮು ಇತ್ತಾ ಅಂತ ಡಾಕ್ಟರು ಕೇಳಿ ಕೇಳಿ ಬರ್ಕೊಂಡ್ರು. ಯಾಕೆ ಕೇಳಿದ್ರು ಅಂತ ಮುಂದೆ ಹೇಳ್ತೀನಿ. ಇರಲಿಲ್ಲ ಅಂದೆ. 'ಹಾಗಾದ್ರೆ ಏನೂ ಚಿಂತೆ ಇಲ್ಲ. ಚಿಕಿತ್ಸೆನೂ ಬೇಡ. ಮುಂದೆ ಯಾವ ಡಾಕ್ಟರ ಹತ್ರ ಹೋದ್ರೂ ಮೊದಲು ಇದನ್ನ ಹೇಳು. ಅಪೆಂಡಿಕ್ಸ್ ನೋವು ಬಂದ್ರೆ ನಿನಗೆ ಎಡಗಡೆ ಬರುತ್ತೆ' ಅಂದ್ರು.

ಜ್ವರ ವಾಸಿಯಾಯ್ತು. ನನ್ನ ಕಥೆ ಅಲ್ಲಿಗೆ ಮುಗೀಬೇಕಿತ್ತು. ಮುಗಿಯಲಿಲ್ಲ, ಯಾಕಂದ್ರೆ ಮನೇಲಿ ಅಜ್ಜಿ ಇದ್ದಾರೆ.

2/8

ಫೋಟೋ: ನಮ್ಮ ಮನೆ ಅಂಗಳ. ಅಡಿಕೆ ಒಣಗಿಸೋ ಕಾಲದ್ದು.

ಸುದ್ದಿ ಕೇಳಿದ ಅಜ್ಜಿ ಒಂದು ನಿಮಿಷ ಸುಮ್ಮನಿದ್ರು. ಆಮೇಲೆ ಅಮ್ಮನ ಕಡೆ ತಿರುಗಿ, 'ನಾನು ಅವತ್ತೇ ಹೇಳಿದ್ದೆ' ಅಂದ್ರು. ಅಷ್ಟೇ. ಅಮ್ಮನ ಮುಖ ಬಿಳಿಚಿಕೊಂಡಿದ್ದು ನಾನು ನೋಡಿದೆ.

ಅವತ್ತು ಅಂದ್ರೆ ಯಾವತ್ತು ಅಂತ ಅಪ್ಪನ್ನ ಕೇಳಿ ತಿಳ್ಕೊಂಡೆ. ನಾನು ಹೊಟ್ಟೇಲಿ ಐದು ತಿಂಗಳು ಇದ್ದಾಗ ಒಂದು ಗ್ರಹಣ. ಬಸುರಿ ಹೊರಗೆ ಬರಬಾರದು ಅಂತ ಅಜ್ಜಿ ಅಮ್ಮನ್ನ ಒಳಕೋಣೇಲಿ ಕೂರಿಸಿದ್ರು. ಅದೇ ಹೊತ್ತಿಗೆ ಕೊಟ್ಟಿಗೇಲಿ ಹಸು ಹಗ್ಗ ಬಿಚ್ಕೊಂಡು ಗದ್ದೆ ಕಡೆ ಓಡಿದೆ. ಅಪ್ಪ ಇರಲಿಲ್ಲ. ಅಮ್ಮ ಓಡಿಹೋಗಿ ಹಿಡ್ಕೊಂಡು ಬಂದ್ರು. ಐದು ನಿಮಿಷದ ಕೆಲಸ. ಅದನ್ನ ಇಪ್ಪತ್ತು ವರ್ಷ ಯಾರೂ ಎತ್ತಿರಲಿಲ್ಲ, ಯಾಕಂದ್ರೆ ನಾನು ಕೈಕಾಲು ಸರಿ ಇರೋ ಮಗುವಾಗೇ ಹುಟ್ಟಿದ್ದೆ. ಈಗ ಎಕ್ಸ್‌ರೇ ಬಂದ ಮೇಲೆ ಲೆಕ್ಕ ಟ್ಯಾಲಿ ಆಗಿಬಿಡ್ತು.

ಅಮ್ಮ ಜಗಳ ಆಡಲಿಲ್ಲ. ಸೋಮವಾರ ಒಪ್ಪತ್ತು ಶುರು ಮಾಡಿದ್ರು. ನಾನು ಹಾಸ್ಟೆಲಿಗೆ ವಾಪಸ್ ಬಂದ ಮೇಲೆ ದಿನಾ ರಾತ್ರಿ ಫೋನಲ್ಲಿ ಮೊದಲ ಪ್ರಶ್ನೆ, 'ಎದೆ ನೋವು ಇಲ್ಲ ತಾನೇ?' ಇಲ್ಲಮ್ಮ ಅಂದ್ರೆ, 'ಇದ್ರೆ ಮುಚ್ಚಿಡಬೇಡ ಮಗಾ' ಅಂತಿದ್ರು. ಒಂದು ದಿನ ಮಾತಿನ ಮಧ್ಯೆ, 'ಆ ಹಸು ಹೋದ್ರೆ ಹೋಗ್ಲಿ ಅಂತ ಸುಮ್ನಿರಬೇಕಿತ್ತು ನಾನು' ಅಂದ್ರು.

ನನಗೆ ಸಿಟ್ಟು ಬಂತು, ಆದ್ರೆ ಬರೀ ಸಿಟ್ಟಿಂದ ಆಗೋದು ಏನೂ ಇಲ್ಲ. ಗ್ರಹಣ ಎಲ್ಲ ಸುಳ್ಳಮ್ಮ ಅಂದ್ರೆ, 'ಮತ್ತೆ ಯಾಕೆ ಹೀಗಾಯ್ತು, ಹೇಳು' ಅಂತ ಕೇಳ್ತಿದ್ರು. ನನ್ನ ಹತ್ರ ಉತ್ತರ ಇರಲಿಲ್ಲ. ಬಿಕಾಂ ಹುಡುಗಿಗೆ ಗೊತ್ತಿರೋ ಎಡ ಬಲ ಎರಡೇ. ಡೆಬಿಟ್ ಎಡಕ್ಕೆ, ಕ್ರೆಡಿಟ್ ಬಲಕ್ಕೆ.

3/8

ಫೋಟೋ: ನನ್ನ ರೂಮ್‌ಮೇಟ್‌ಳ ಝೂವಾಲಜಿ ಪುಸ್ತಕ. ಮೇಲೆ ಇರೋ ಸಾರಿನ ಕಲೆ ನನ್ನದೇ.

ನನ್ನ ರೂಮ್‌ಮೇಟ್ ಬಿಎಸ್ಸಿ. ಅವಳ ಹತ್ರ ಗೋಳು ಹೇಳ್ಕೊಂಡಾಗ ಅವಳು, 'ನಿನ್ನ ಕೇಸಿಗೆ ಉತ್ತರ ಕಪ್ಪೆ ಚಾಪ್ಟರಲ್ಲಿ ಇದೆ ಕಣೇ, ಓದು' ಅಂತ ಪುಸ್ತಕ ಎಸೆದ್ಲು. ಅವಳ ಪರೀಕ್ಷೆಗೆ ಅವಳಿಗಿಂತ ಜಾಸ್ತಿ ನಾನು ಓದಿದೆ ಅಂತ ಈಗಲೂ ರೇಗಿಸ್ತಾಳೆ.

ಲ್ಯಾಬಿನವರು ಕಪ್ಪೇನೇ ಯಾಕೆ ಹಿಡ್ಕೊಂಡ್ರು ಗೊತ್ತಾ? ಕಪ್ಪೆ ಮೊಟ್ಟೆ ದೊಡ್ಡದು, ಒಂದು ಮಿಲಿಮೀಟರಿಗಿಂತ ಸ್ವಲ್ಪ ಜಾಸ್ತಿ. ತಾಯಿ ಹೊಟ್ಟೆಯೊಳಗಲ್ಲ, ಹೊರಗೆ ನೀರಲ್ಲೇ ಬೆಳೆಯುತ್ತೆ. ಹಾಗಾಗಿ ಮೊದಲ ನಿಮಿಷದಿಂದ ಎಲ್ಲವನ್ನೂ ಕಣ್ಣಾರೆ ನೋಡಬಹುದು. ಅದರಲ್ಲೂ ಆಫ್ರಿಕಾದ ಝೆನೋಪಸ್ ಅನ್ನೋ ಕಪ್ಪೆ ಲ್ಯಾಬುಗಳ ಸ್ಟಾರ್. ಒಂದು ಕಾಲದಲ್ಲಿ ಹೆಂಗಸರ ಪ್ರೆಗ್ನೆನ್ಸಿ ಟೆಸ್ಟಿಗೂ ಇದೇ ಕಪ್ಪೆ ಬೇಕಿತ್ತು. ಬಸುರಿಯ ಮೂತ್ರದ ಅಂಶ ಚುಚ್ಚಿದ್ರೆ ಹೆಣ್ಣು ಕಪ್ಪೆ ಮೊಟ್ಟೆ ಇಡ್ತಿತ್ತು. ಹಾಗೆ ಅದು ಊರೂರಿನ ಆಸ್ಪತ್ರೆ, ಕಾಲೇಜು ಸೇರಿತು.

ಈಗ ಅಸಲಿ ವಿಷಯ. ಮೊಟ್ಟೆ ಒಂದು ಉಂಡೆ. ಮೇಲರ್ಧ ಕಪ್ಪು, ಕೆಳಗರ್ಧ ಬಿಳಿ. ಅದಕ್ಕೆ ಮೇಲೆ ಕೆಳಗೆ ಇದೆ, ಆದ್ರೆ ಬೆನ್ನು ಯಾವುದು, ಹೊಟ್ಟೆ ಯಾವುದು ಅನ್ನೋದು ಇಲ್ಲ. ಅದು ತೀರ್ಮಾನ ಆಗೋದು ವೀರ್ಯಾಣು ಒಳಗೆ ಹೋದ ಜಾಗದಿಂದ. ಮೊಟ್ಟೆ ಇನ್ನೂ ಎರಡಾಗಿ ಸೀಳೋ ಮೊದಲೇ, ಸುಮಾರು ಒಂದೂವರೆ ಗಂಟೆಯೊಳಗೆ, ಮೊಟ್ಟೆಯ ಹೊರ ಪದರ ಒಳಗಿನ ತಿರುಳಿನ ಮೇಲೆ ಸುಮಾರು 30 ಡಿಗ್ರಿ ಜಾರುತ್ತೆ. ತೆಂಗಿನಕಾಯಿ ಚಿಪ್ಪು ಒಳಗಿನ ಗಿಟುಕಿನ ಮೇಲೆ ತಿರುಗಿದ ಹಾಗೆ. ಆಗ ತಳದಲ್ಲಿದ್ದ ಕೆಲವು ಪದಾರ್ಥಗಳು ವೀರ್ಯಾಣು ಹೊಕ್ಕ ಜಾಗದ ಎದುರು ಬದಿಗೆ ಸರಿಯುತ್ತವೆ. ಆ ಬದಿಯೇ ಮುಂದೆ ಬೆನ್ನು. ಬೇರೆ ಕಡೆ ಕರಗಿಹೋಗೋ ಬೀಟಾ ಕ್ಯಾಟೆನಿನ್ ಅನ್ನೋ ಪ್ರೋಟೀನು ಅಲ್ಲಿ ಉಳ್ಕೊಂಡು, ಕೋಶದ ನ್ಯೂಕ್ಲಿಯಸ್ ಒಳಗೆ ಹೋಗಿ, ಬೆನ್ನಿಗೆ ಬೇಕಾದ ಜೀನುಗಳ ಸ್ವಿಚ್ ಹಾಕುತ್ತೆ.

ನನಗೆ ತುಂಬಾ ಹಿಡಿಸಿದ್ದು ಇದು: ಸುಮಾರು ಹನ್ನೆರಡು ಸಲ ಸೀಳಿ, ನಾಲ್ಕು ಸಾವಿರದಷ್ಟು ಕೋಶ ಆಗೋವರೆಗೂ ಮರಿಯ ಸ್ವಂತ ಜೀನುಗಳು ಹೆಚ್ಚು ಕಮ್ಮಿ ಮಲಗೇ ಇರ್ತವೆ. ಅಲ್ಲೀವರೆಗೆ ನಡೆಯೋ ಕೆಲಸಕ್ಕೆಲ್ಲ ಸಾಮಾನು ತಾಯಿ ಮೊದಲೇ ಮೊಟ್ಟೆಗೆ ತುಂಬಿ ಕಳಿಸಿರ್ತಾಳೆ. ಹಾಸ್ಟೆಲಿಗೆ ಹೊರಟ ಮಗಳ ಬ್ಯಾಗಿಗೆ ಅಮ್ಮ ಚಟ್ನಿಪುಡಿ, ಉಪ್ಪಿನಕಾಯಿ ತುಂಬಿದ ಹಾಗೆ.

4/8

ಫೋಟೋ: ಲೆಡ್ಜರ್ ಬುಕ್ಕಿನ ಕೊನೇ ಪುಟದಲ್ಲಿ ನಾನು ಬಿಡಿಸಿದ ಎರಡು ತಲೆ ಮರಿ. ಅಕೌಂಟ್ಸ್ ಮೇಷ್ಟ್ರು ನೋಡಿ ಏನೂ ಹೇಳಲಿಲ್ಲ, ದೊಡ್ಡ ಮನಸ್ಸು.

ಜರ್ಮನಿಯ ಫ್ರೈಬರ್ಗ್‌ನಲ್ಲಿ ಹಾನ್ಸ್ ಸ್ಪೀಮಾನ್ ಅನ್ನೋ ಪ್ರೊಫೆಸರ್ ಇದ್ರು. ಅವರ ಹತ್ರ ಹಿಲ್ಡೆ ಮ್ಯಾಂಗೋಲ್ಡ್ ಅಂತ ಒಬ್ಬ ಹುಡುಗಿ ಪಿಎಚ್‌ಡಿ ಮಾಡ್ತಿದ್ಲು. 1921 ಮತ್ತು 1922ರ ವಸಂತದಲ್ಲಿ ಅವಳು ಮಾಡಿದ ಕೆಲಸ ಇದು. ಪ್ರಾಣಿ ನ್ಯೂಟ್, ಅಂದ್ರೆ ಕಪ್ಪೆಯ ಬಾಲದ ನೆಂಟ. ಒಂದು ಜಾತಿಯ ಭ್ರೂಣ ಬಿಳಿಚು, ಇನ್ನೊಂದು ಜಾತಿಯದ್ದು ಕಪ್ಪು. ಬಿಳಿ ಭ್ರೂಣದ ಬೆನ್ನಿನ ಕಡೆಯಿಂದ, ಕೋಶಗಳು ಒಳಗೆ ನುಗ್ಗೋ ಒಂದು ತುಟಿ ಇರುತ್ತಲ್ಲ, ಅಲ್ಲಿಂದ ಚೂರು ಕತ್ತರಿಸಿ ಕಪ್ಪು ಭ್ರೂಣದ ಹೊಟ್ಟೆ ಕಡೆ ಅಂಟಿಸಿದ್ಲು. ಕೈಯಲ್ಲಿದ್ದದ್ದು ಗಾಜಿನ ಸೂಜಿ, ಕೂದಲಿನ ಕುಣಿಕೆ. ಆಂಟಿಬಯಾಟಿಕ್ ಇಲ್ಲದ ಕಾಲ, ಹೆಚ್ಚಿನ ಭ್ರೂಣ ಸತ್ತೇಹೋಗ್ತಿದ್ವು.

ಬದುಕಿದ ಕೆಲವು ಭ್ರೂಣಗಳ ಹೊಟ್ಟೆ ಮೇಲೆ ಇನ್ನೊಂದು ಮರಿ ಮೂಡ್ತು. ಬೆನ್ನುಹುರಿ ಸಮೇತ. ಮಜಾ ಏನಂದ್ರೆ, ಆ ಎರಡನೇ ಮರಿಯ ಹೆಚ್ಚಿನ ಭಾಗ ಕಪ್ಪು ಕೋಶಗಳದ್ದೇ. ಅಂದ್ರೆ ಅಂಟಿಸಿದ ಚೂರು ತಾನೇ ಬೆಳೆದು ಮರಿ ಆಗಲಿಲ್ಲ. ಹೊಟ್ಟೆ ಚರ್ಮ ಆಗಬೇಕಿದ್ದ ಅಕ್ಕಪಕ್ಕದ ಕೋಶಗಳಿಗೆ, ನೀನು ಬೆನ್ನಾಗು, ನೀನು ನರ ಆಗು ಅಂತ ಕೆಲಸ ಹಚ್ಚಿತು. ಹಾಗಾಗಿ ಆ ಚೂರಿಗೆ ಆರ್ಗನೈಸರ್, ಸಂಘಟಕ, ಅಂತ ಹೆಸರು ಬಂತು. ನಮ್ಮ ಕ್ಲಾಸಿನ ಫೆಸ್ಟ್ ಆರ್ಗನೈಸರ್‌ಗಿಂತ ಚೆನ್ನಾಗಿ ಕೆಲಸ ಮಾಡುತ್ತೆ. ಸಾರಿ ಕಣ್ರೋ.

ಅವರಿಬ್ಬರ ಪ್ರಬಂಧ 1924ರಲ್ಲಿ ಬಂತು. ಅದೇ ವರ್ಷ ಸೆಪ್ಟೆಂಬರಲ್ಲಿ ಅಡುಗೆಮನೆಯಲ್ಲಿ ಸ್ಟೋವ್ ಸಿಡಿದು ಹಿಲ್ಡೆ ಸುಟ್ಟ ಗಾಯದಿಂದ ತೀರಿಕೊಂಡ್ಲು. ವಯಸ್ಸು 25. ಪುಟ್ಟ ಮಗು ಇತ್ತು. 1935ರಲ್ಲಿ ಸ್ಪೀಮಾನ್‌ಗೆ ನೊಬೆಲ್ ಸಿಕ್ತು. ಇದನ್ನ ಓದಿದ ರಾತ್ರಿ ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ನನಗಿಂತ ಐದೇ ವರ್ಷ ದೊಡ್ಡವಳು.

5/8

ಫೋಟೋ: ಹಾಸ್ಟೆಲ್ ಹಿಂದಿನ ಹೊಂಡ. ಝೂಮ್ ಮಾಡಿದ್ರೆ ಗೊದಮೊಟ್ಟೆ ಕಾಣ್ತವೆ.

ಸರಿ, ಆ ಸಂಘಟಕ ಅಕ್ಕಪಕ್ಕದವರಿಗೆ ಹೇಳೋದಾದ್ರೂ ಏನು? ಸುಮಾರು 70 ವರ್ಷ ಯಾರಿಗೂ ಸಿಗಲಿಲ್ಲ. 1990ರ ದಶಕದಲ್ಲಿ ಝೆನೋಪಸ್ ಕಪ್ಪೆಯಲ್ಲಿ ಒಂದೊಂದೇ ಜೀನು ಸಿಕ್ತು. 1992ರಲ್ಲಿ ನಾಗಿನ್, 1994ರಲ್ಲಿ ಕಾರ್ಡಿನ್.

ನಾಗಿನ್ ಸಿಕ್ಕಿದ ರೀತಿ ಕೇಳಿ. ಮೊಟ್ಟೆಯ ತಳಕ್ಕೆ ಅಲ್ಟ್ರಾವಯಲೆಟ್ ಬೆಳಕು ಬಿಟ್ರೆ ಆ 30 ಡಿಗ್ರಿ ಜಾರೋದು ನಿಂತುಹೋಗುತ್ತೆ. ಆಗ ಹುಟ್ಟೋದು ಮರಿ ಅಲ್ಲ, ತಲೆ ಇಲ್ಲ ಬೆನ್ನಿಲ್ಲ, ಬರೀ ಹೊಟ್ಟೆಯ ಒಂದು ಮುದ್ದೆ. ಅಂಥ ಮೊಟ್ಟೆಗೆ ಬೇರೆ ಬೇರೆ ಜೀನುಗಳ ಸಂದೇಶ ಚುಚ್ಚಿ ಚುಚ್ಚಿ, ಯಾವುದು ಮತ್ತೆ ಬೆನ್ನನ್ನ ತರುತ್ತೆ ಅಂತ ಹುಡುಕಿದ್ರು. ಹಾಗೆ ಗೆದ್ದಿದ್ದು ನಾಗಿನ್. ಜಾಸ್ತಿ ಹಾಕಿದ್ರೆ ಬರೀ ತಲೆಯೇ ತಲೆ.

ಈಗ ಟ್ವಿಸ್ಟ್. ಈ ಪ್ರೋಟೀನುಗಳು 'ಬೆನ್ನಾಗು' ಅಂತ ಆರ್ಡರ್ ಮಾಡ್ತವೆ ಅಂತ ಎಲ್ಲರೂ ಅಂದ್ಕೊಂಡಿದ್ರು. ಹಾಗಲ್ಲ. ಭ್ರೂಣದಲ್ಲಿ ಬಿಎಂಪಿ ಅನ್ನೋ ಇನ್ನೊಂದು ಪ್ರೋಟೀನು ಇದೆ. ಅದು ಕೋಶಗಳಿಗೆ 'ಹೊಟ್ಟೆಯಾಗು, ಚರ್ಮವಾಗು' ಅಂತ ಹೇಳ್ತಾನೇ ಇರುತ್ತೆ. ನಾಗಿನ್, ಕಾರ್ಡಿನ್ ಮಾಡೋದು ಅದನ್ನ ಗಬಕ್ ಅಂತ ಹಿಡ್ಕೊಂಡು ಬಾಯಿ ಮುಚ್ಚಿಸೋದು. ಸಂಘಟಕದ ಹತ್ರ ಬಿಎಂಪಿ ದನಿ ಕೇಳಲ್ಲ, ಅಲ್ಲಿನ ಕೋಶಗಳು ಮಿದುಳು, ಬೆನ್ನುಹುರಿ ಆಗ್ತವೆ. ದೂರ ಹೋದಷ್ಟೂ ದನಿ ಜೋರು, ಹೊಟ್ಟೆ ಚರ್ಮ ಆಗ್ತವೆ. ತಲೆ ಬರೋ ಕಡೆ ವಿಂಟ್ ಅನ್ನೋ ಇನ್ನೊಂದು ಸಂದೇಶಕ್ಕೂ ತಡೆ ಬೇಕು. ಅದು ಜೋರಾಗಿರೋ ಕಡೆ ಬಾಲ.

ಅಂದ್ರೆ ಮಿದುಳು ಹುಟ್ಟೋದು ಯಾರೋ ಜೋರಾಗಿ ಹೇಳಿದ್ರಿಂದಲ್ಲ, ಒಂದು ಮಾತು ಕಿವಿಗೆ ಬೀಳದ ಹಾಗೆ ಯಾರೋ ಅಡ್ಡ ನಿಂತಿದ್ರಿಂದ. ಓದ್ತಾ ನನಗೆ ನಮ್ಮ ಮನೆ ನೆನಪಾಯ್ತು. ಅಜ್ಜಿ ಮಾತಿಗೂ ಅಮ್ಮನಿಗೂ ಮಧ್ಯೆ ಯಾರೂ ನಿಂತಿರಲಿಲ್ಲ. ಅಪ್ಪ ಪೇಪರ್ ಓದ್ತಿದ್ರು. ನಾನು ಇನ್‌ಸ್ಟಾ ನೋಡ್ತಿದ್ದೆ.

6/8

ಫೋಟೋ: ಅಮ್ಮ, ಬೆನ್ನಿಂದ. ಮುಖ ಹಾಕಬೇಡ ಅಂದಿದ್ದಾರೆ.

ಬೆನ್ನು ಹೊಟ್ಟೆ ಆಯ್ತು, ತಲೆ ಬಾಲ ಆಯ್ತು. ಎಡ ಬಲ? ಅದು ಕೊನೆಗೆ. ಯೋಚನೆ ಮಾಡಿ, ಮುಂದೆ ಯಾವುದು, ಮೇಲೆ ಯಾವುದು ಅಂತ ಗೊತ್ತಿಲ್ಲದಿದ್ರೆ ಎಡ ಅನ್ನೋ ಮಾತಿಗೆ ಅರ್ಥವೇ ಇಲ್ಲ.

ಕಪ್ಪೆ ಮೊಟ್ಟೆಗೆ ಒಂದು ದಿನ ತುಂಬೋ ಹೊತ್ತಿಗೆ ಒಳಗೆ ಪುಟ್ಟ ಕರುಳಿನ ಗುಹೆ ಇರುತ್ತೆ. ಅದರ ಚಾವಣಿಯ ಕೋಶಗಳಿಗೆ ಒಂದೊಂದು ರೋಮ, ಸೀಲಿಯಾ ಅಂತಾರೆ. ಅವೆಲ್ಲ ಸ್ವಲ್ಪ ಬಾಲದ ಕಡೆ ವಾಲಿಕೊಂಡು ಒಂದೇ ದಿಕ್ಕಲ್ಲಿ ಗಿರಗಿರ ತಿರುಗ್ತವೆ. ಹಾಗೆ ತಿರುಗಿ ತಿರುಗಿ ಸುತ್ತಲಿನ ನೀರನ್ನ ಎಡಕ್ಕೆ ತಳ್ಳುತ್ತವೆ. ಕಣ್ಣಿಗೆ ಕಾಣದಷ್ಟು ಸಣ್ಣ ಹೊಳೆ. ಆ ಹೊಳೆ ತಾಗಿದ ಎಡ ಅಂಚಲ್ಲಿ ನೋಡಲ್ ಅನ್ನೋ ಜೀನಿಗಿದ್ದ ಅಡ್ಡಿ ಸರಿಯುತ್ತೆ. ನೋಡಲ್ ಎಡಗಡೆ ಮಾತ್ರ ಎದ್ದು, ಪಿಟ್ಸ್2 ಅನ್ನೋ ಜೀನನ್ನ ಎಬ್ಬಿಸುತ್ತೆ. ಲೆಫ್ಟಿ ಅಂತ ಇನ್ನೊಂದು ಜೀನು ಕಾವಲಿಗೆ ನಿಂತು, ಸುದ್ದಿ ಬಲಗಡೆಗೆ ದಾಟದ ಹಾಗೆ ನೋಡ್ಕೊಳ್ಳುತ್ತೆ. ಅಷ್ಟೇ. ಆ ಲೆಕ್ಕದ ಮೇಲೆ ಹೃದಯ ಬಾಗುತ್ತೆ, ಕರುಳು ಸುರುಳಿ ಸುತ್ತುತ್ತೆ.

2007ರಲ್ಲಿ ಜರ್ಮನಿಯ ಸಂಶೋಧಕರು ಆ ಗುಹೆಯೊಳಗೆ ಅಂಟಿನಂಥ ಗಟ್ಟಿ ದ್ರವ ತುಂಬಿ ಹೊಳೆಯನ್ನ ನಿಲ್ಲಿಸಿದ್ರು. ಮರಿಗಳ ಎಡ ಬಲದ ಲೆಕ್ಕ ತಪ್ಪಿತು. ಜೀನು ಮುಟ್ಟಲಿಲ್ಲ, ಹೊಳೆ ನಿಲ್ಲಿಸಿದ್ರು ಅಷ್ಟೇ.

ಮನುಷ್ಯರಲ್ಲೂ ಇದೇ ನೋಡಲ್, ಇದೇ ಪಿಟ್ಸ್2, ಇಂಥದೇ ತಿರುಗೋ ರೋಮ. ನಮ್ಮ ಮೂಗಲ್ಲಿ, ಶ್ವಾಸಕೋಶದಲ್ಲಿ ಕಫ ಗುಡಿಸೋದೂ ಇವೇ ಜಾತಿಯ ರೋಮಗಳು. ಈ ರೋಮ ಸರಿಯಾಗಿ ಆಡದೇ ಹುಟ್ಟಿದವರಿಗೆ ಸದಾ ಶೀತ, ಕಿವಿ ಸೋರೋದು. ಅವರಲ್ಲಿ ಸುಮಾರು ಅರ್ಧ ಜನಕ್ಕೆ ಅಂಗಾಂಗವೂ ಅದಲು ಬದಲು. ಡಾಕ್ಟರು ಮೂಗು ಕಿವಿ ಕೇಳಿದ್ದು ಇದಕ್ಕೇ.

ಈಗ ನನಗೆ ಬೇಕಾಗಿದ್ದ ಸಾಲು: ಮನುಷ್ಯರಲ್ಲಿ ಎಡ ಬಲ ನಿರ್ಧಾರ ಆಗೋದು ಗರ್ಭ ನಿಂತ ಮೂರು ನಾಲ್ಕನೇ ವಾರದಲ್ಲಿ. ಅಷ್ಟೊತ್ತಿಗೆ ಭ್ರೂಣ ಸಾಸಿವೆ ಕಾಳಿನಷ್ಟು. ಅಮ್ಮನಿಗೆ ನಾನು ಇದ್ದೀನಿ ಅಂತಲೇ ಸರಿಯಾಗಿ ಗೊತ್ತಿರಲ್ಲ. ಹಸು ಓಡಿದ್ದು ಐದನೇ ತಿಂಗಳಲ್ಲಿ.

7/8

ಫೋಟೋ: ಮನೆಗೆ ಹೋಗೋ ಬಸ್ಸಿನ ಕಿಟಕಿ, ಮಳೆ.

ಇದನ್ನ ಫೋನಲ್ಲಿ ಹೇಳೋದು ಬೇಡ ಅನ್ನಿಸ್ತು. ಶನಿವಾರ ಊರಿಗೆ ಹೋದೆ. ಊಟ ಆದ ಮೇಲೆ, ಅಮ್ಮ ಪಾತ್ರೆ ತೊಳೀತಿದ್ದಾಗ ಪಕ್ಕದಲ್ಲಿ ನಿಂತು ಕಪ್ಪೆ ಕಥೆ ಪೂರ್ತಿ ಹೇಳಿದೆ. ಅಜ್ಜಿ ನಡುಮನೇಲಿ ಎಲೆ ಅಡಿಕೆ ಕುಟ್ತಿದ್ರು. ಅವರಿಗೂ ಕೇಳಲಿ ಅಂತ ಸ್ವಲ್ಪ ಜೋರಾಗೇ ಹೇಳಿದೆ. 'ನೋಡಮ್ಮ, ಗ್ರಹಣದ ದಿನ ನನ್ನ ಹೃದಯ ಬಲಗಡೆ ಬಡ್ಕೊಳ್ಳೋಕೆ ಶುರು ಮಾಡಿ ನಾಲ್ಕು ತಿಂಗಳಾಗಿತ್ತು. ಹಸುನೂ ಅಲ್ಲ, ಸೂರ್ಯನೂ ಅಲ್ಲ. ಇದು ಜೀನಿನ ವಿಷಯ.'

ಅಮ್ಮ ಕೈ ನಿಲ್ಲಿಸಿದ್ರು. 'ಜೀನು ಅಂದ್ರೆ ರಕ್ತದಲ್ಲಿ ಬರೋದಲ್ವಾ? ಹಾಗಾದ್ರೆ ಆಗಲೂ ನನ್ನಿಂದಲೇ ಬಂತು ಅಂತಾಯ್ತು.'

ಗೆಳೆಯರೇ, ನಾನು ಇದಕ್ಕೆ ತಯಾರಾಗಿರಲಿಲ್ಲ. ಒಂದು ಖಾತೆಯಿಂದ ತಪ್ಪನ್ನ ತೆಗೆದು ಅಮ್ಮನದೇ ಇನ್ನೊಂದು ಖಾತೆಗೆ ಬರೆದಿದ್ದೆ.

ನಿಧಾನಕ್ಕೆ ಮತ್ತೆ ಶುರು ಮಾಡಿದೆ. 'ಇಲ್ಲಮ್ಮ, ಹೃದಯ ಬಲಕ್ಕೆ ಇಡು ಅಂತ ಹೇಳೋ ಜೀನು ಅಂತ ಇಲ್ಲ. ಹೊಳೆ ಹರಿದ್ರೆ ಎಡ ಅಂತ ಗೊತ್ತಾಗುತ್ತೆ. ಹೊಳೆ ಹರೀಲಿಲ್ಲ ಅಂದ್ರೆ ಹೇಳೋರು ಯಾರೂ ಇರಲ್ಲ. ಆಗ ಅದು ನಾಣ್ಯ ಚಿಮ್ಮಿದ ಹಾಗೆ. ಅರ್ಧ ಜನಕ್ಕೆ ಎಡಕ್ಕೇ ಬೀಳುತ್ತೆ, ಅವರಿಗೆ ಏನೋ ತಪ್ಪಿತ್ತು ಅಂತ ಎಕ್ಸ್‌ರೇ ನೋಡಿದ್ರೂ ಗೊತ್ತಾಗಲ್ಲ. ಇನ್ನರ್ಧಕ್ಕೆ ಬಲಕ್ಕೆ. ಜೀನಿಂದ ಬರೋದು ಹೆಚ್ಚಾಗಿ ಅಪ್ಪ ಅಮ್ಮ ಇಬ್ಬರ ಕಡೆಯಿಂದಲೂ ಒಂದೊಂದು ಪ್ರತಿ ಸೇರಿದ್ರೇನೇ. ಎಷ್ಟೋ ಜನರಲ್ಲಿ ಹುಡುಕಿದ್ರೂ ಅಂಥ ಜೀನು ಸಿಗೋದೇ ಇಲ್ಲ. ಇದರಲ್ಲಿ ಯಾರೂ ಏನೂ ಮಾಡಿಲ್ಲಮ್ಮ.'

ಅಮ್ಮ ಮಾತಾಡಲಿಲ್ಲ. ನಾನು ಸೀರೆ ಹಿಡ್ಕೊಂಡೆ, ಅವರದೇ ಸೆರಗು. 'ಇದನ್ನ ಎಡ ಹೆಗಲಿಗೆ ಹಾಕಬೇಕು ಅಂತ ನಿಂಗೆ ಯಾರು ಹೇಳಿದ್ರು?' 'ನಮ್ಮಮ್ಮ.' 'ಯಾರೂ ಹೇಳದಿದ್ರೆ?' ಅಮ್ಮ ಸ್ವಲ್ಪ ಯೋಚಿಸಿ, 'ಯಾವುದೋ ಒಂದು ಕಡೆ ಹಾಕ್ಕೊತಿದ್ದೆ' ಅಂದ್ರು. ಆಮೇಲೆ ಅವರೇ, 'ಗುಜರಾತಿನೋರು ಬಲಗಡೆಗೇ ಅಲ್ವಾ ಹಾಕೋದು, ಸೀರಿಯಲ್ಲಲ್ಲಿ ನೋಡಿದ್ದೀನಿ. ಅವರೂ ನೆಟ್ಟಗೇ ಓಡಾಡ್ತಾರೆ' ಅಂದ್ರು.

ಸೆರಗಿನ ಪ್ರಶ್ನೆ ನಾನು ಬಸ್ಸಲ್ಲೇ ಯೋಚಿಸಿಟ್ಟಿದ್ದೆ. ಗುಜರಾತು ಪೂರ್ತಿ ಅಮ್ಮನದು.

8/8

ಕೊನೇ ಫೋಟೋ: ನಮ್ಮ ಬಾವಿ ಕಟ್ಟೆ ಪಕ್ಕದ ನೀರಲ್ಲಿ ಕಪ್ಪೆ ಮೊಟ್ಟೆ, ನೊರೆ ನೊರೆಯಾಗಿ. ಇದು ನಾನು ತೆಗೆದಿದ್ದಲ್ಲ, ಅಮ್ಮ ವಾಟ್ಸಾಪಲ್ಲಿ ಕಳಿಸಿದ್ದು. ಕೆಳಗೆ 'ಬೆನ್ನು ಯಾವುದು?' ಅಂತ ಬರೆದಿದ್ರು. 'ಇನ್ನೂ ತೀರ್ಮಾನ ಆಗಿರಬೇಕಲ್ಲ' ಅಂತ ಅದರ ಕೆಳಗೆ ಇನ್ನೊಂದು.

ಎಲ್ಲ ಸರಿ ಹೋಯ್ತು ಅಂತ ಹೇಳಿದ್ರೆ ಸುಳ್ಳಾಗುತ್ತೆ. ಅಜ್ಜಿ ನಂಬಿಲ್ಲ. ಆವತ್ತು ರಾತ್ರಿ ಎಲ್ಲ ಕೇಳಿಸ್ಕೊಂಡು, 'ಕಪ್ಪೆಗೆ ಗ್ರಹಣ ಗೊತ್ತಾ' ಅಂತ ಒಂದೇ ಮಾತು ಹೇಳಿ ಮಲಗಿದ್ರು. ನನಗೆ ನಗು ಬಂತು. ಅಜ್ಜಿ ಮೇಲೆ ಸಿಟ್ಟೂ ಪೂರ್ತಿ ಇಲ್ಲ ಈಗ. ಅವರಿಗೂ ಯಾರೋ ಹೇಳಿದ್ದೇ ಅದು, ಮಧ್ಯೆ ಯಾರೂ ಅಡ್ಡ ನಿಂತಿರಲಿಲ್ಲ. ಆದ್ರೆ ಅಜ್ಜಿ ಆಮೇಲೆ ಅಮ್ಮನ ಎದುರು ಆ ವಿಷಯ ಎತ್ತಿಲ್ಲ. ಎತ್ತಿದ್ರೆ ಅಪ್ಪ ಪೇಪರ್ ಮಡಚಿಡ್ತೀನಿ ಅಂದಿದ್ದಾರೆ.

ಅಮ್ಮ ಸೋಮವಾರದ ಒಪ್ಪತ್ತು ಬಿಟ್ಟಿಲ್ಲ. ಕೇಳಿದ್ರೆ, 'ಅಭ್ಯಾಸ ಆಗಿದೆ, ಮೈ ಹಗುರ ಇರುತ್ತೆ' ಅಂತಾರೆ. ಇರಲಿ. ಆದ್ರೆ ಈಚೆಗೆ ಫೋನಲ್ಲಿ ಮೊದಲ ಪ್ರಶ್ನೆ ಎದೆ ನೋವಲ್ಲ. ಎಕ್ಸಾಮ್ ಫೀಸು ಕಟ್ಟಿದ್ಯಾ ಅಂತ. ಇಷ್ಟು ಖುಷಿಯಾಗಿ ನಾನು ಯಾವತ್ತೂ ಫೀಸ್ ಕಟ್ಟಿಲ್ಲ.

ಇಷ್ಟುದ್ದ ಬರೆದಿದ್ದು ಯಾಕಂದ್ರೆ, ನಮ್ಮ ಕ್ಲಾಸಲ್ಲೇ ಇನ್ನೂ ಎಷ್ಟು ಮನೇಲಿ ಯಾವ ಅಮ್ಮ ಯಾವ ಗ್ರಹಣದ ಲೆಕ್ಕ ಹೊತ್ಕೊಂಡು ಕೂತಿದ್ದಾರೋ. ಸೀಳುತುಟಿ ಮಗು ಹುಟ್ಟಿದ್ರೂ ನಮ್ಮ ಕಡೆ ಇದೇ ಮಾತು. ತುಟಿ ಕೂಡಿಕೊಳ್ಳೋದು ಗರ್ಭ ನಿಂತ ಮೊದಲೆರಡು ತಿಂಗಳಲ್ಲೇ. ಏಳನೇ ತಿಂಗಳ ಗ್ರಹಣಕ್ಕೆ ಅಲ್ಲಿ ಮಾಡೋಕೆ ಕೆಲಸವೇ ಇಲ್ಲ. ಮನೇಲಿ ಆ ಮಾತು ಬಂದ್ರೆ ಯಾವ ತಿಂಗಳು ಅಂತ ಒಂದ್ಸಲ ಕೇಳಿ. ಜಗಳ ಬೇಡ, ಮಧ್ಯೆ ನಿಂತ್ಕೊಳ್ಳಿ ಸಾಕು.

ನಾಳೆ ಕಾಸ್ಟ್ ಅಕೌಂಟಿಂಗ್ ಟೆಸ್ಟ್ ಇದೆ. ನಾನು ಏನೂ ಓದಿಲ್ಲ. ನೋಟ್ಸ್ ಇದ್ದವರು ಡಿಎಂ ಮಾಡಿ.

#ಬಲಗಡೆಹೃದಯ #ಕಪ್ಪೆಪಾಠ #ಅಮ್ಮ #ಬಿಕಾಂಹುಡುಗಿ